ಮೂರನೆಯ ಕಲೆ

ಗಾಳಿಗೆ ಹಡಗು ನಿಂತು ನಾಲ್ಕು ದಿನ.
ಸಾದೊ ದ್ವೀಪದ ಈ ಬದಿಗೆ ಪತ್ರಿಕೆ ಇಲ್ಲ, ಮೊಟ್ಟೆ ಇಲ್ಲ.
ಬೊಂಡಾಸು ಒಣಹಾಕುವ ಮೂರನೆಯ ಗಳು
ಇದ್ದಕ್ಕಿದ್ದಂತೆ ಆಕಾಶದಷ್ಟು ಎತ್ತರವಾಯಿತು;
ಬಲದೋಳು, ತುಕ್ಕು ಹಿಡಿದ ಕದದ ಹಾಗೆ,
ಅರ್ಧಕ್ಕೆ ಬಂದು ಕಿರುಗುಟ್ಟಿ ನಿಂತಿತು.

ಹಿಸಾನೊ ಅಜ್ಜಿಗೆ ಕಣ್ಣಿಲ್ಲ. ಏಳರ ವಯಸ್ಸಿಗೇ ಹೋದದ್ದು.
ಬಂದವರಿಗಾಗಿ ಕೋಣೆಯ ದೀಪ ಹಚ್ಚುತ್ತಾಳೆ,
ಕೆಲವೊಮ್ಮೆ ಮರೆಯುತ್ತಾಳೆ.
ಇವತ್ತು ಮರೆತಿದ್ದಳು. ನಾನೂ ನೆನಪಿಸಲಿಲ್ಲ.

ಕೊಳವೆಯೊಳಗೆ ಸೂಜಿ. ಕೂದಲಿಗೆ ಅಣ್ಣನಾಗಬಹುದು, ಅಷ್ಟೆ.
ತೋರುಬೆರಳಿಂದ ಒಂದು ತಟ್ಟು:
ಮೊದಲ ಹನಿ ತಗಡಿಗೆ ಬಿದ್ದಷ್ಟು ಸದ್ದು. ನೋವಿಲ್ಲ.
ಆಮೇಲೆ ಬತ್ತಿ ಹೊಸೆದಂತೆ
ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗಿಸುತ್ತಾಳೆ;
ಒಳಗೆ ಯಾವುದೋ ಎಳೆ, ಕದಿರಿಗೆ ನೂಲಿನ ಹಾಗೆ,
ಸೂಜಿಯನ್ನು ಸುತ್ತಿ ಹಿಡಿಯುತ್ತದೆ.
ಜೋಮು. ಭಾರ. ಮೊಳಕೈಯಿಂದ ಕಿರುಬೆರಳಿನವರೆಗೆ
ಯಾರೋ ಬರಿಗಾಲಲ್ಲಿ ನಡೆದು ಹೋದಂತೆ.

ಯಾರು ನಡೆದದ್ದು? ಎಂದೆ.
"ನಿಗಾತದ ಆಸ್ಪತ್ರೆಯ ಹುಡುಗ ನರ ಅನ್ನುತ್ತಾನೆ.
ಚುಚ್ಚಿದಲ್ಲಿಂದ ಬೆನ್ನುಹುರಿಗೆ ದೂರು ಹೋಗುತ್ತದಂತೆ,
ಮಿದುಳು ತನ್ನ ಉಗ್ರಾಣ ತೆರೆದು
ಅಫೀಮಿನಂಥದ್ದೇನೋ ಒಂದು ಚಿಟಿಕೆ ಕಳಿಸುತ್ತದಂತೆ,
ಮನೆಯಲ್ಲೇ ಬೆಳೆದದ್ದು.
ನನ್ನ ಗುರು ಹೊಳೆ ಅಂದಿದ್ದ. ಹನ್ನೆರಡು ಹೊಳೆ.
ಅಂಗಾಲಲ್ಲಿ ಬುಗ್ಗೆ, ಹೆಬ್ಬೆರಳ ಸಂದಿಯಲ್ಲಿ ಕಣಿವೆ.
ನಾನು ಎರಡನ್ನೂ ನೋಡಿಲ್ಲ," ಎಂದು ನಕ್ಕಳು.
"ಗಟ್ಟಿ ಇದ್ದದ್ದು ಮೆತ್ತಗಾದರೆ
ಸೂಜಿಯೇ ಕೈಗೆ ಹೇಳುತ್ತದೆ. ನನಗೆ ಗೊತ್ತಿರುವುದು ಅಷ್ಟೇ."

ಇನ್ನು ಬೆಂಕಿ. ಮಾಚಿಪತ್ರೆಯ ಎಲೆ:
ಒಣಗಿಸಿ, ಬೀಸಿ, ಜರಡಿ ಹಿಡಿದು, ಮತ್ತೆ ಬೀಸಿ,
ಎಲೆಯೆಲ್ಲ ಉದುರಿಹೋಗಿ
ಎಲೆಯ ಬೆನ್ನಿನ ನವಿರು ಮಾತ್ರ ಉಳಿದ ಹೊಂಬಣ್ಣದ ಅರಳೆ.
ಅಕ್ಕಿನುಚ್ಚಿನಷ್ಟು ಹೊಸೆದು ಬೆನ್ನ ಮೇಲಿಡಹೋದವಳ
ಬೆರಳು ನಿಂತಿತು.

"ಇಲ್ಲಿಗೆ ಮೊದಲೇ ಯಾರೋ ಬಂದಿದ್ದಾರೆ."

ಅಮ್ಮ.
ತಂಗಿ ತೊಮೆಯ ಕಿವಿ ಕಚ್ಚಿದ್ದಕ್ಕೆ ಒಂದು,
ಹಾಸಿಗೆ ಒದ್ದೆ ಮಾಡಿದ್ದಕ್ಕೆ ಒಂದು.
ಮೂರನೆಯದಕ್ಕೆ ನಾನೇನು ಮಾಡಿದ್ದೆನೋ, ನೆನಪಿಲ್ಲ.
ಮೊಣಕಾಲಡಿ ನನ್ನನ್ನು ಅದುಮಿ
ಅಳು, ಚೆನ್ನಾಗಿ ಅಳು, ಅನ್ನುತ್ತಿದ್ದಳು.
ಐವತ್ತು ವರ್ಷ, ಬರೆ ಎಂದೇ ಹೆಸರಿಟ್ಟು ಹೊತ್ತಿದ್ದೇನೆ.

ಹಿಸಾನೊ ಕಲೆಯಿಂದ ಕಲೆಗೆ ಅಳೆದಳು:
ಬೆನ್ನುಮೂಳೆಯ ಮೂರನೆಯ ಗಂಟು, ಅಲ್ಲಿಂದ ಎರಡು ಬೆರಳು ಆಚೆ.
"ಎರಡು ಎಲ್ಲೆಲ್ಲೋ ಬಿದ್ದಿವೆ, ಸಿಟ್ಟಿನ ಕೈ.
ಇದೊಂದು ಮಾತ್ರ ಹುಡುಕಿ ಇಟ್ಟದ್ದು.
ಕಿನುಯೊ, ಚಿಕ್ಕಂದಿನಲ್ಲಿ ನಿನಗೆ ಗೂರಲಿತ್ತೆ?"

ಇತ್ತು. ನಾನೇ ಮರೆತಿದ್ದೆ.
ರಾತ್ರಿಯಿಡೀ ಎದೆಯೊಳಗೆ ಬೆಕ್ಕಿನ ಮರಿ.
ಔಷಧಿಯಂಗಡಿಯ ಮುಂದೆ ಅಮ್ಮ ನಿಂತು, ಲೆಕ್ಕ ಹಾಕಿ,
ಒಳಗೆ ಹೋಗದೆ ವಾಪಸು ಬಂದದ್ದೂ
ಆಗ ನೆನಪಾಯಿತು.

ಊದುಬತ್ತಿಯ ಕಿಡಿ ಇಳಿಯಿತು. ಮೊದಲು ಏನೂ ಇಲ್ಲ,
ಆಮೇಲೆ ಒಂದೇ ಒಂದು ಚುರ್.
ಬಿಸಿ ಚರ್ಮ ದಾಟಿ ರಕ್ತವನ್ನು ಕೂಗಿತು,
ಆ ಜಾಗ ಕಾಸಗಲ ಕೆಂಪಗೆ ಎದ್ದು ಕೂತಿತು.
ಬೂದಿಯ ಮೇಲೆ ಇನ್ನೊಂದು, ಅದರ ಬೂದಿಯ ಮೇಲೆ ಮತ್ತೊಂದು.
ನಾನು ಅತ್ತೆ. ಚೆನ್ನಾಗಿಯೇ ಅತ್ತೆ.
ಬಿಸಿ ಜಾಸ್ತಿಯಾಯಿತೇ, ಎಂದಳು ಹಿಸಾನೊ.
ಹೌದೆಂದೆ.

ತೋಳು? ಎರಡನೆಯ ಗಳುವಿಗೆ ಎಟುಕುತ್ತದೆ ಈಗ.
ಮೂರನೆಯದಕ್ಕೆ ಪಕ್ಕದ ಮನೆಯ ಹುಡುಗ ಬರುತ್ತಾನೆ.
ಹಡಗು ಬಂದ ದಿನ ಬರುವುದಿಲ್ಲ.